ಕ್ಲಚ್ ಪೆಡಲ್ ಮೇಲೇಳದಿದ್ದರೆ

ಸೋದರಿಯರೇ, ಬಳ್ಳಾರಿಯಿಂದ ಮಕ್ಕಳನ್ನು ಕೂರಿಸಿಕೊಂಡು ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೋ ಸಿರುಗುಪ್ಪದ ತವರಿಗೋ ನೀವೇ ಕಾರು ನಡೆಸಿಕೊಂಡು ಹೊರಟಿದ್ದೀರಿ. ನಡುದಾರಿಯಲ್ಲಿ ತುಳಿದ ಕ್ಲಚ್ ಪೆಡಲ್ ಮೇಲೇಳಲೇ ಇಲ್ಲ! ಆಗೇನು ಮಾಡೋದು?

ಗಾಬರಿ ಬೇಡ. ಕ್ಲಚ್ ಒತ್ತಿದ್ದರೆ ಇಂಜಿನ್ನಿನ ಬಲ ಗಾಲಿಗೆ ಹೋಗದು. ಆಕ್ಸಿಲರೇಟರ್ ಬಿಟ್ಟು, ಮೆಲ್ಲಗೆ ಬ್ರೇಕ್ ಒತ್ತಿ ರಸ್ತೆ ಬದಿಗೆ ನಿಲ್ಲಿಸಿ. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿಸಿ. ಅದಕ್ಕೆ ಮೊದಲೇ ಪೆಡಲನ್ನು ಎತ್ತಲು ಹೋದರೆ ಗಾಡಿ ತಟ್ಟನೆ ಮುಂದಕ್ಕೆ ಜಿಗಿದೀತು, ಜೋಕೆ!

ಈಗ ಬಗ್ಗಿ ನೋಡಿ. ಕಾಲ ಕೆಳಗಿನ ಮ್ಯಾಟ್ ಮಡಚಿ ಪೆಡಲಿಗೆ ಸಿಕ್ಕಿಕೊಂಡಿದೆಯೇ? ಇದ್ದರೆ ಸರಿಪಡಿಸಿ, ಅಲ್ಲಿಗೆ ಮುಗೀತು. ಪೆಡಲಿನ ಕೀಲಿನಲ್ಲಿ ನಮ್ಮೂರ ಧೂಳು ಕೂತರೂ ಹೀಗಾಗುವುದುಂಟು.

ಮಾರುತಿ 800ರಂಥ ಗಾಡಿಗಳಲ್ಲಿ ಕ್ಲಚ್ಚಿಗೆ ತಂತಿಯ ಕೇಬಲ್. ಬಾವಿಯ ಹಗ್ಗದಂತೆ ಅದೂ ಎಳೆ ಎಳೆಯಾಗಿ ಸವೆಯುತ್ತದೆ. ಪೆಡಲ್ ದಿನೇ ದಿನೇ ಬಿಗಿಯಾದರೆ ಹರಿಯುವ ಮುಂಚೆಯೇ ಬದಲಾಯಿಸಿ.

ಎಣ್ಣೆಯ ಒತ್ತಡದಲ್ಲಿ ನಡೆಯುವ ಕ್ಲಚ್ ಆದರೆ, ಪೆಡಲ್ ಮೆತ್ತಗೆ ಕುಸಿದು ಕೆಳಗೇ ಉಳಿಯುತ್ತದೆ. ಎಣ್ಣೆ ಸೋರಿರಬಹುದು, ಗಾಳಿ ಸೇರಿರಬಹುದು. ಬಹಳ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯ ಎಣ್ಣೆ. ಹಾಗಾಗಿ ಅದು ಇಳಿದಿದ್ದರೆ ಮುಂದೆ ಓಡಿಸಲೇಬೇಡಿ, ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ. ಇಂಜಿನ್ ಆಯಿಲ್ಲಾಗಲಿ ಅಡುಗೆ ಎಣ್ಣೆಯಾಗಲಿ ಸುರಿದೀರಿ, ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ. ಮುಚ್ಚಳದ ಮೇಲೆ ಬರೆದಿರುವ ಬ್ರೇಕ್ ಆಯಿಲ್ಲೇ ಆಗಬೇಕು.

ಒಮ್ಮೆ ಸಿಕ್ಕಿಕೊಂಡ ಪೆಡಲ್ ತಾನಾಗಿ ಸರಿಹೋಯಿತೆಂದು ಸುಮ್ಮನಾಗಬೇಡಿ. ಊರು ಬಿಡುವ ಮುನ್ನ ಎರಡು ಸಲ ತುಳಿದು ನೋಡಿ, ಆಮೇಲೆ ಹೊರಡಿ.