ನೇಪಥ್ಯದ ಹಾಡು ಯಾರದು?

ಗದ್ದೆಯ ಕೊಯ್ಲು ಮುಗಿದು ಚಳಿಯ ದಿನಗಳು ಬಂದುವೆಂದರೆ ಅಂಕೋಲೆಯ ಸೀಮೆಯಲ್ಲಿ ಬಣ್ಣದ ಪೆಟ್ಟಿಗೆಗಳ ಬೀಗ ತೆರೆಯುತ್ತದೆ. ಒಂದೂರಿನಲ್ಲಿ ಯಕ್ಷಗಾನದ ಚಂಡೆ ಮೊಳಗಿದರೆ ಮತ್ತೊಂದೂರಿನಲ್ಲಿ ಹವ್ಯಾಸಿ ತರುಣರ ಸಾಮಾಜಿಕ ನಾಟಕ. ಯಕ್ಷಗಾನದಲ್ಲಿ ಭಾಗವತರೂ ಮದ್ದಲೆಯವರೂ ರಂಗದ ಮೇಲೆಯೇ ಕುಳಿತಿರುತ್ತಾರೆ. ಹಾಡು ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿಲ್ಲ. ನಾಟಕಕ್ಕೂ ಒಂದು ಕಾಲದಲ್ಲಿ ಹಾರ್ಮೋನಿಯಂ ಮಾಸ್ತರರೇ ಆಧಾರವಾಗಿದ್ದರು. ಈಗ ನಾಯಕಿಯ ಶೋಕವೂ ಖಳನಾಯಕನ ಅಟ್ಟಹಾಸವೂ ಒಂದು ಮೊಬೈಲಿನಿಂದ ಹೊರಟು ಧ್ವನಿವರ್ಧಕದ ಮೂಲಕ ಊರಿಗೆಲ್ಲ ಕೇಳಿಸುತ್ತವೆ.

ಶೆಟಗೇರಿಯಂಥ ಊರಿನ ತರುಣರ ಮಂಡಳಿಯೊಂದು ನಾಟಕವನ್ನು ಕೈಗೊಂಡಿದೆಯೆಂದು ಭಾವಿಸಬಹುದು. ವಿರಹದ ದೃಶ್ಯಕ್ಕೆ ಒಂದು ಚಲನಚಿತ್ರಗೀತೆ, ಪರದೆ ಏಳುವಾಗ ಒಂದು ಕೊಳಲುವಾದನ, ಮದುವೆಯ ದೃಶ್ಯಕ್ಕೆ ಹಾಲಕ್ಕಿ ಒಕ್ಕಲಿಗರ ಒಂದು ಹಾಡು: ಇಷ್ಟು ಧ್ವನಿಮುದ್ರಿಕೆ ಬೇಕಾಗಿದೆ. ನಾಟಕಕಾರರ ಒಪ್ಪಿಗೆಯನ್ನು ಪಡೆಯುವ ಪದ್ಧತಿ ಅನೇಕ ಮಂಡಳಿಗಳಿಗೆ ತಿಳಿದಿದೆ. ಆದರೆ ಹಾಡಿಗೂ ಒಬ್ಬ ಒಡೆಯನುಂಟೆಂಬುದು ಎಷ್ಟೋ ಜನರ ಮನಸ್ಸಿಗೆ ಹೊಳೆಯುವುದೇ ಇಲ್ಲ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದಂತೆ, ಅನ್ಯರ ಹಾಡಿನಿಂದ ತಮ್ಮ ನಾಟಕವನ್ನು ಸಿಂಗರಿಸುವುದು ರೂಢಿಯಾಗಿ ಹೋಗಿದೆ.

ವಾಸ್ತವವಾಗಿ ಒಂದು ಚಲನಚಿತ್ರಗೀತೆಗೆ ಒಬ್ಬನಲ್ಲ, ಹಲವರು ಒಡೆಯರು. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಪದ್ಯರಚನೆಯ ಹಕ್ಕು ಬೇರೆ, ಸ್ವರಸಂಯೋಜನೆಯ ಹಕ್ಕು ಬೇರೆ, ಧ್ವನಿಮುದ್ರಿಕೆಯ ಹಕ್ಕು ಬೇರೆ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಚಿತ್ರಕ್ಕಾಗಿ ಬರೆಸಿದ ಗೀತೆಯ ಹಕ್ಕು ಬೇರೆ ಒಪ್ಪಂದವಿಲ್ಲದಿದ್ದರೆ ನಿರ್ಮಾಪಕನಿಗೇ ಸೇರುತ್ತದೆಂದು ತೀರ್ಪಿತ್ತಿತ್ತು. ಹಾಡು ಮನೆಮನೆಯಲ್ಲಿ ಮೊಳಗುತ್ತಿದ್ದರೂ ಬರೆದವನ ಮನೆಯ ಒಲೆ ತಣ್ಣಗಿರಬಹುದಾಗಿತ್ತು. 2012ರ ತಿದ್ದುಪಡಿಯು ಕವಿಗೂ ಸಂಯೋಜಕನಿಗೂ ಗೌರವಧನದ ಪಾಲನ್ನು ಕಾದಿರಿಸಿತು. ಇಂಥವರ ಪರವಾಗಿ ಹಣವನ್ನು ಸಂಗ್ರಹಿಸುವ ಭಾರತೀಯ ಪ್ರದರ್ಶನ ಹಕ್ಕುಗಳ ಸಂಘವು, ಅಂದರೆ ಐ.ಪಿ.ಆರ್.ಎಸ್., ಸ್ಥಾಪನೆಯಾದದ್ದು 1969ರಲ್ಲಿ.

ಹಾಗಾದರೆ ಹಳ್ಳಿಯ ಬಡ ಮಂಡಳಿ ನಾಟಕವನ್ನೇ ಬಿಟ್ಟು ಕೂರಬೇಕೇ? ಬೇಕಾಗಿಲ್ಲ. ಕಾನೂನು ಅಷ್ಟು ನಿಷ್ಕರುಣಿಯಲ್ಲ. ಅದರ 52ನೆಯ ಕಲಮು ಹವ್ಯಾಸಿಗಳಿಗಾಗಿ ಕೆಲವು ಬಾಗಿಲುಗಳನ್ನು ತೆರೆದಿಟ್ಟಿದೆ. ಹವ್ಯಾಸಿ ಸಂಘವು ಹಣ ಕೊಡದ ಪ್ರೇಕ್ಷಕರ ಮುಂದೆ, ಅಥವಾ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವಾಗಿ, ಸಾಹಿತ್ಯಕೃತಿಯನ್ನೋ ನಾಟಕವನ್ನೋ ಸಂಗೀತವನ್ನೋ ಪ್ರದರ್ಶಿಸಿದರೆ ಅದು ಉಲ್ಲಂಘನೆಯಲ್ಲ. ಊರಿನ ಹುಡುಗನೊಬ್ಬನು ಹಾರ್ಮೋನಿಯಂ ನುಡಿಸಿ ಆ ಚಲನಚಿತ್ರಗೀತೆಯನ್ನು ತಾನೇ ಹಾಡಿದರೆ ಅವನಿಗೆ ಈ ರಕ್ಷಣೆಯುಂಟು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ವಿನಾಯಿತಿಯ ಮಾತುಗಳಲ್ಲಿ ಧ್ವನಿಮುದ್ರಿಕೆಯ ಹೆಸರಿಲ್ಲ. ಅದಕ್ಕೆ ಬೇರೊಂದು ಉಪಕಲಮುಂಟು: ಲಾಭಕ್ಕಾಗಿ ಸ್ಥಾಪಿತವಾಗದ, ಲಾಭಕ್ಕಾಗಿ ನಡೆಯದ ಕ್ಲಬ್ಬು ಅಥವಾ ಅಂಥ ಸಂಸ್ಥೆಯು ತನ್ನ ಚಟುವಟಿಕೆಯ ಅಂಗವಾಗಿ ಧ್ವನಿಮುದ್ರಿಕೆಯನ್ನು ಸಾರ್ವಜನಿಕರಿಗೆ ಕೇಳಿಸಬಹುದು. ಶಾಲೆಯ ಸ್ನೇಹಸಮ್ಮೇಳನಕ್ಕೆ ಮತ್ತೊಂದು ಬಾಗಿಲು: ಪ್ರೇಕ್ಷಕರು ಶಿಕ್ಷಕರು, ವಿದ್ಯಾರ್ಥಿಗಳು, ಪಾಲಕರು ಮತ್ತು ಶಾಲೆಯ ಸಂಬಂಧಿಕರಷ್ಟೇ ಆಗಿರಬೇಕು.

ಬಾಗಿಲು ತೆರೆದಿದೆಯೆಂದು ಗೋಡೆಯನ್ನೇ ಒಡೆಯಲಾಗದು. ಊರ ಜಾತ್ರೆಯ ರಾತ್ರಿ ಆಡಿದ ಮಾತ್ರಕ್ಕೆ ನಾಟಕವು ದೇವತಾಕಾರ್ಯವಾಗುವುದಿಲ್ಲ. ಧಾರ್ಮಿಕ ವಿಧಿಗೆ ಇರುವ ವಿನಾಯಿತಿ ಆ ವಿಧಿಗೇ ಮೀಸಲು. ಟಿಕೀಟು ಮಾರಿ ಲಾಭ ಗಳಿಸಿದರೆ ಮಂಡಳಿಯ ರಕ್ಷಣೆ ಸಡಿಲುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಮರುದಿನದ್ದು. ನಾಟಕದ ಚಿತ್ರೀಕರಣವನ್ನು ಉತ್ಸಾಹದಿಂದ ಯೂಟ್ಯೂಬಿಗೆ ಏರಿಸಿದೊಡನೆ ಅದು ಊರಿನ ಪ್ರದರ್ಶನವಾಗಿ ಉಳಿಯುವುದಿಲ್ಲ, ಲೋಕಕ್ಕೆ ಪ್ರಸಾರವಾಗುತ್ತದೆ. ರಂಗದ ವಿನಾಯಿತಿ ಅಲ್ಲಿಗೆ ಸಾಗದು. ತಿಂಗಳುಗಟ್ಟಲೆ ತಾಲೀಮು ಮಾಡಿದ ದೃಶ್ಯವು ಧ್ವನಿಯಡಗಿ ಮೂಕವಾಗುವುದು ಇಂಥ ಕಾರಣದಿಂದಲೇ. ತಿಳಿದೂ ಮಾಡಿದ ಉಲ್ಲಂಘನೆಗೆ ಸೆರೆವಾಸವೂ 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವೂ ಕಾಯಿದೆಯಲ್ಲಿವೆ; ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯವು ಕಾರಣ ಬರೆದು ಶಿಕ್ಷೆಯನ್ನು ತಗ್ಗಿಸಬಹುದು.

ಹಳೆಯ ಹಾಡಾದರೆ ಚಿಂತೆಯಿಲ್ಲವೆಂಬ ಮಾತೂ ಅರ್ಧಸತ್ಯ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ. 1960ರ ತಟ್ಟೆಯ ಹಕ್ಕು 2020ರ ಕೊನೆಗೆ ತೀರಿತು. ಕವಿಯ ಹಕ್ಕಾದರೋ ಆತನ ಮರಣದ ಅನಂತರವೂ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅಂಕೋಲೆಯವರೇ ಆದ ಚುಟುಕದ ದಿನಕರ ದೇಸಾಯಿಯವರು 1982ರಲ್ಲಿ. ಅವರ ಪದ್ಯಗಳ ಹಕ್ಕು ಕ್ರಮವಾಗಿ 2041ರ ಮತ್ತು 2042ರ ಕೊನೆಯವರೆಗೆ ಜೀವಂತ. ತಟ್ಟೆ ಮುಕ್ತವಾಗಿದ್ದರೂ ಅದರಲ್ಲಿರುವ ಕವಿತೆ ಮುಕ್ತವಾಗಿರಲಾರದು.

ಸಂಶಯವಿದ್ದಲ್ಲಿ ಕೇಳುವುದೇ ಲೇಸು. ಪತ್ರ ಚಿಕ್ಕದಿದ್ದರೆ ಸಾಕು. ಹಾಡಿನ ಮೊದಲ ಸಾಲು, ಚಿತ್ರದ ಹೆಸರು, ವರ್ಷ, ಗಾಯಕರು; ಎಷ್ಟು ನಿಮಿಷ ಬಳಸುವುದು; ಎಲ್ಲಿ, ಎಷ್ಟು ಪ್ರಯೋಗ, ಎಷ್ಟು ಆಸನ, ಟಿಕೀಟಿನ ದರ; ಚಿತ್ರೀಕರಿಸಿ ಪ್ರಸಾರ ಮಾಡುವುದುಂಟೇ, ಇಲ್ಲವೇ ಎಂಬುದನ್ನು ಬರೆದು ತಟ್ಟೆಯ ಕಂಪನಿಗೊಂದು, ಪದ್ಯ ಮತ್ತು ಸಂಯೋಜನೆಗಾಗಿ ಸಂಘಕ್ಕೊಂದು ಪ್ರತಿಯನ್ನು ಕಳುಹಿಸಬೇಕು. ದೊರೆಯುವ ಪರವಾನಗಿಯು ನಾಟಕದೊಳಗಿನ ಬಳಕೆಗೆ ಅನ್ವಯಿಸುತ್ತದೆಯೇ ಎಂದು ಸ್ಪಷ್ಟವಾಗಿ ಕೇಳಬೇಕು. ಇದನ್ನು ತಾಲೀಮಿನ ಆರಂಭದಲ್ಲೇ ಮಾಡಬೇಕು; ಮುಖಕ್ಕೆ ಬಣ್ಣ ಹಚ್ಚಿಕೊಂಡ ಮೇಲಲ್ಲ. ಉತ್ತರ ಬಾರದಿರುವುದು ಒಪ್ಪಿಗೆಯ ಲಕ್ಷಣವಲ್ಲ. ಮೌನವೇ ಸಮ್ಮತಿಯೆಂಬ ಮಾತು ಇಲ್ಲಿ ಸಲ್ಲದು.

ಕೊನೆಗೆ ಉಳಿದದ್ದು ಹಾಲಕ್ಕಿಗಳ ಹಾಡು. ಅದಕ್ಕೆ ಕಂಪನಿಯಿಲ್ಲ, ಸಂಘವಿಲ್ಲ. ತಲೆಮಾರುಗಳಿಂದ ಬಂದ ಪದಕ್ಕೆ ಕವಿಯ ಹೆಸರೂ ಇಲ್ಲ. ಆದುದರಿಂದ ಅದು ಯಾರದೂ ಅಲ್ಲವೆಂದು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುವವರುಂಟು. ಪದ ಎಲ್ಲರದೂ ನಿಜ, ಕಂಠ ಎಲ್ಲರದಲ್ಲ. 1994ರ ತಿದ್ದುಪಡಿ ಹಾಡುವವರಿಗೂ ಹಕ್ಕನ್ನು ಕೊಟ್ಟಿತು. ಅದರ ಅವಧಿ ಈಗ 50 ವರ್ಷ. ಒಪ್ಪಿಗೆಯಿಲ್ಲದೆ ಆ ಗಾಯನವನ್ನು ಮುದ್ರಿಸುವಂತಿಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಂಥ ನೂರಾರು ಹಾಡುಗಳನ್ನು ನೆನಪಿನಲ್ಲಿ ಕಾಪಾಡಿ 2017ರಲ್ಲಿ ಪದ್ಮಶ್ರೀಗೆ ಪಾತ್ರರಾದರು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರಂಥವರು 2010ರಲ್ಲಿ ಹಾಡಿದ್ದರ ಹಕ್ಕು 2060ರ ಕೊನೆಯವರೆಗೆ ಬಾಳುತ್ತದೆ.

ಮುಂಬಯಿಯ ಕಂಪನಿ ನೋಟೀಸು ಕಳಿಸೀತೆಂಬ ಭಯದಿಂದ ಅದಕ್ಕೆ ಪತ್ರ ಬರೆಯುವ ಮಂಡಳಿ, ನೋಟೀಸು ಕಳಿಸಲಾರದ ನೆರೆಯ ಕೇರಿಯ ಮುದುಕಿಯನ್ನೂ ಕೇಳಬೇಕಲ್ಲವೇ? ಅವಳ ಅಂಗಳಕ್ಕೆ ಹೋಗಿ, ಒಪ್ಪಿಗೆ ಪಡೆದು, ಕೈಲಾದ ಗೌರವಧನ ಕೊಟ್ಟು, ನಾಟಕದ ಕರಪತ್ರದಲ್ಲಿ ಅವಳ ಹೆಸರನ್ನು ಅಚ್ಚು ಹಾಕಿಸಲು ವಕೀಲರ ನೆರವು ಬೇಡ. ಸಾಧ್ಯವಾದರೆ ಅವಳನ್ನೇ ರಂಗದ ಮಗ್ಗುಲಲ್ಲಿ ಕೂರಿಸಿ ಹಾಡಿಸಬಹುದು. ಆಗ ನೇಪಥ್ಯದ ಹಾಡು ಯಾರದೆಂದು ಪ್ರೇಕ್ಷಕರಿಗೆ ಯಾರೂ ಹೇಳಬೇಕಾಗುವುದಿಲ್ಲ.