ಕ್ಲಚ್ ರಿಲೀಸ್ ಆಗ್ತಿಲ್ವಾ? ಮೊದಲು ಪ್ಲೇಟ್ ಬಿಚ್ಚಿಸಬೇಡಿ

ಹೋದ ವರ್ಷ ನವೆಂಬರಿನ ಒಂದು ಭಾನುವಾರ. ತಂಗಿಯನ್ನು ಹಿಂದೆ ಕೂರಿಸಿಕೊಂಡು ಕುಕ್ಕೆ ಸುಬ್ರಹ್ಮಣ್ಯದಿಂದ ಆಲೂರಿನ ಮನೆಗೆ ವಾಪಸ್ ಬರ್ತಾ ಇದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋಕೆ ಶುರು ಮಾಡಿದ ಮೇಲೆ ಗೊತ್ತಲ್ಲ, ಮಂಗಳೂರು ಕಡೆಯಿಂದ ಬರೋ ಗ್ಯಾಸ್ ಟ್ಯಾಂಕರುಗಳ ಹಿಂದೆ ಮೊದಲನೇ ಗೇರಿನಲ್ಲಿ ತೆವಳೋದೇ ಕೆಲಸ. ಇನ್ನೇನು ಮಾರನಹಳ್ಳಿ ಬಂತು ಅನ್ನೋವಾಗ ಮುಂದಿನ ಟ್ಯಾಂಕರ್ ನಿಂತಿತು. ನಾನೂ ಕ್ಲಚ್ ಪೂರ್ತಿ ಹಿಡಿದೆ. ಬೈಕ್ ನಿಲ್ಲಲಿಲ್ಲ!

ಲಿವರ್ ಹ್ಯಾಂಡಲ್ಲಿಗೆ ಅಂಟಿಕೊಂಡಿದೆ, ಆದರೂ ಗಾಡಿ ಟ್ಯಾಂಕರಿನ ಕಡೆಗೆ ಇಂಚಿಂಚಾಗಿ ನುಗ್ತಾ ಇದೆ. ಬ್ರೇಕ್ ಗಟ್ಟಿಯಾಗಿ ಹಿಡಿದೆ, ಎಂಜಿನ್ ಆಫ್ ಆಯ್ತು. ಮತ್ತೆ ಸ್ಟಾರ್ಟ್ ಮಾಡಿದರೆ ಗಾಡಿ ಮುಂದಕ್ಕೆ ಜಿಗೀತು. ನ್ಯೂಟ್ರಲ್ ಸಿಗ್ತಾನೇ ಇಲ್ಲ. ಹಿಂದಿನ ಲಾರಿಯವನು ಹಾರ್ನ್ ಮೇಲೆ ಹಾರ್ನ್. "ಅಣ್ಣ, ನಾನು ಇಳಿದುಬಿಡ್ಲಾ?" ಅಂದಳು ತಂಗಿ. ಆ ದನಿ ಇನ್ನೂ ಕಿವಿಯಲ್ಲಿದೆ.

ಹೆಂಗೋ ಪಕ್ಕಕ್ಕೆ ತಳ್ಳಿಕೊಂಡು ಹೋಗಿ ಅರ್ಧ ಗಂಟೆ ಕೂತ್ವಿ. ಆಮೇಲೆ ನೋಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಕ್ಲಚ್ ಸರಿಯಾಗಿತ್ತು. ಎಂಜಿನ್ ತಣ್ಣಗಾದರೆ ಸರಿ, ಕಾದರೆ ತೊಂದರೆ.

ನನ್ನದು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ ದೊಡ್ಡ ಎಂಜಿನ್ನಿನ ಬೈಕು. ಸ್ಪ್ಲೆಂಡರಿನ ಹಾಗೆ ಕೇಬಲ್ ಇಲ್ಲ, ಹೈಡ್ರಾಲಿಕ್ ಕ್ಲಚ್. ಬೆಂಗಳೂರಿಗೆ ಹೋದ ಮೇಲೆ ಒಂದು ಸರ್ವೀಸ್ ಸೆಂಟರಿನಲ್ಲಿ ತೋರಿಸಿದೆ. ಗಾಡಿ ಸ್ಟಾರ್ಟ್ ಕೂಡ ಮಾಡದೆ "ಕ್ಲಚ್ ಪ್ಲೇಟ್ ಪೂರ್ತಿ ಸೆಟ್ ಹೋಗಿದೆ ಸಾರ್" ಅಂದು ಎಸ್ಟಿಮೇಟ್ ಕೈಗಿಟ್ಟರು. ನೋಡಿ ನನಗೇ ಎಂಜಿನ್ ಆಫ್ ಆದ ಹಾಗಾಯ್ತು :)

ನಮ್ಮ ಆಫೀಸಿನಲ್ಲಿ ಲಾಗ್ ಕೂಡ ನೋಡದೆ "ಇಡೀ ಪ್ರೋಗ್ರಾಂ ಹೊಸದಾಗಿ ಬರೀಬೇಕು" ಅಂತ ಯಾರಾದರೂ ಅಂದರೆ ಮ್ಯಾನೇಜರ್ ಸುಮ್ಮನೆ ಬಿಡಲ್ಲ. ಗ್ಯಾರೇಜಿನಲ್ಲಿ ಅದೇ ಮಾತಿಗೆ ನಾವು ತಲೆಯಾಡಿಸಿ ದುಡ್ಡು ಕೊಟ್ಟು ಬರ್ತೀವಿ. ನನ್ನ ತಕರಾರು ಇರೋದು ಇಲ್ಲೇ.

ಹೈಡ್ರಾಲಿಕ್ ಕ್ಲಚ್ ಅನ್ನೋದು ಅಂಥ ಬ್ರಹ್ಮವಿದ್ಯೆ ಏನಲ್ಲ. ಲಿವರ್ ಹಿಡಿದಾಗ ಹ್ಯಾಂಡಲ್ ಮೇಲಿರೋ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿನೊಳಗೆ ತಳ್ಳುತ್ತೆ. ಆ ಒತ್ತಡ ಎಂಜಿನ್ ಪಕ್ಕದ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತೆ, ಅದು ರಾಡ್ ಮೂಲಕ ಪ್ರೆಷರ್ ಪ್ಲೇಟನ್ನು ಎತ್ತುತ್ತೆ. ಆಗ ಒಳಗಿನ ಪ್ಲೇಟುಗಳು ಬೇರೆಯಾಗಿ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತೆ. ಎಣ್ಣೆಯನ್ನು ಒತ್ತಿ ಕುಗ್ಗಿಸೋಕಾಗಲ್ಲ, ಗಾಳಿಯನ್ನು ಕುಗ್ಗಿಸಬಹುದು. ಪೈಪಿನಲ್ಲಿ ಗಾಳಿ ಸೇರಿದರೆ ನಾವು ಲಿವರ್ ಹಿಡಿದ ಬಲ ಗುಳ್ಳೆ ಕುಗ್ಗಿಸೋದರಲ್ಲೇ ಮುಗಿದುಹೋಗಿ, ಪ್ಲೇಟು ಅರ್ಧಂಬರ್ಧ ಏಳುತ್ತೆ. ಕಾದಾಗ ಆ ಗಾಳಿ ಇನ್ನಷ್ಟು ಹಿಗ್ಗುತ್ತೆ.

ಗಾಳಿ ಸಾಲದು ಅಂತ ನೀರಿನ ಕಾಟ ಬೇರೆ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವವನ್ನು ಹೀರಿಕೊಳ್ಳುತ್ತೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ಅದಕ್ಕೆ ನೂರಕ್ಕೆ 3.7ರಷ್ಟು ನೀರು ಸೇರಿದಾಗ ಆ ಮಿತಿಯೇ 155ಕ್ಕೆ ಇಳಿಯುತ್ತೆ. ನೀರಿನಿಂದ ಸಿಲಿಂಡರಿನ ಒಳಗೆ ತುಕ್ಕೂ ಹಿಡಿಯುತ್ತೆ. ಸಕಲೇಶಪುರದ ಮಳೆಗಾಲದಲ್ಲಿ ಬಟ್ಟೆ ಒಣಗಿಸೋಕೆ ಒಲೆ ಮುಂದೆ ಹರವುವ ನಮಗೆ ತೇವ ಅಂದರೇನು ಅಂತ ಬೇರೆ ಹೇಳಬೇಕಾ?

ಕೇಬಲ್ ಕ್ಲಚ್ ಬಡವರ ಮನೆ ಮಗುವಿನ ಹಾಗೆ, ಹಸಿವಾದರೆ ಅಳುತ್ತೆ. ಸಡಿಲ ಆಗುತ್ತೆ, ಬಿಗಿ ಆಗುತ್ತೆ, ಎಳೆ ಕಿತ್ತು ಬರುತ್ತೆ, ನಮಗೆ ಗೊತ್ತಾಗುತ್ತೆ. ಹೈಡ್ರಾಲಿಕ್ ಹಾಗಲ್ಲ. ಪ್ಲೇಟ್ ಸವೆದರೂ ತಾನೇ ಹೊಂದಿಸಿಕೊಂಡು ಹೋಗುತ್ತೆ. ಆ ಸುಖಕ್ಕೆ ನಾವು ಅದನ್ನು ಮರೆತೇ ಬಿಡ್ತೀವಿ. ನೆನಪಾಗೋದು ಘಾಟಿಯಲ್ಲಿ, ಟ್ಯಾಂಕರಿನ ಹಿಂದೆ.

ಹಾಗಾದರೆ ಏನು ಮಾಡಬೇಕು? ಕಡಿಮೆ ಖರ್ಚಿನ ಕಾರಣದಿಂದ ಶುರು ಮಾಡಿ, ಒಂದೊಂದಾಗಿ ನೋಡಿ.

ಎಂಜಿನ್ ಓಡ್ತಿದ್ದಾಗ ನ್ಯೂಟ್ರಲ್ ಸಿಗದೆ, ಆಫ್ ಮಾಡಿದ ತಕ್ಷಣ ಸಲೀಸಾಗಿ ಸಿಕ್ಕರೆ ಗೇರ್ ಬಾಕ್ಸಿಗಿಂತ ಕ್ಲಚ್ ಮೇಲೆ ಅನುಮಾನ ಪಡಿ. ಘಾಟಿಯಲ್ಲಿ ಸಿಕ್ಕಿಹಾಕಿಕೊಂಡರೆ ಬಚಾವಾಗೋ ದಾರಿಯೂ ಇದೇ: ಬ್ರೇಕ್ ಹಿಡಿದು ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ ಹಾಕಿ. ನನಗೆ ಆವತ್ತು ಹೊಳೀಲಿಲ್ಲ.

ಆಮೇಲೆ ಲಿವರ್ ಪೂರ್ತಿ ಒಳಗೆ ಬರ್ತಾ ಇದೆಯಾ ನೋಡಿ. ದಪ್ಪ ಗ್ರಿಪ್, ಹ್ಯಾಂಡ್ ಗಾರ್ಡ್, ಹೊರಗಿಂದ ತಂದು ಹಾಕಿಸಿದ ಸ್ಟೈಲಿಶ್ ಲಿವರ್ ಅಡ್ಡ ಬಂದರೂ ಇದೇ ಕಥೆ.

ಲಿವರನ್ನು ಪಟಪಟ ನಾಲ್ಕೈದು ಸಲ ಪಂಪ್ ಮಾಡಿ ಹಿಡಿದಾಗ ಕ್ಲಚ್ ಸರಿಯಾದರೆ ಮೊದಲ ಅನುಮಾನ ಗಾಳಿಯ ಮೇಲೆ. ಪ್ಲೇಟ್ ಸೊಟ್ಟಗಾಗಿದ್ದರೆ ಪಂಪ್ ಮಾಡಿ ನೆಟ್ಟಗಾಗಲ್ಲ.

ಆಯಿಲ್ ಮಟ್ಟ, ಬಣ್ಣ ನೋಡಿ. ಸ್ಲೇವ್ ಸಿಲಿಂಡರ್ ಸುತ್ತ ಒದ್ದೆ ಇದ್ದರೆ ಸೀಲ್ ಹೋಗಿರುತ್ತೆ. ಎಂಜಿನ್ ಆಯಿಲ್ ಕಂಪನಿ ಹೇಳಿದ್ದಕ್ಕಿಂತ ಗಟ್ಟಿ ಇದ್ದರೂ ಪ್ಲೇಟುಗಳು ಅಂಟಿಕೊಳ್ತವೆ. ಇದೆಲ್ಲ ಸರಿ ಇದ್ದರೆ ಮಾತ್ರ ಪ್ಲೇಟಿನ ಸರದಿ. ಸೊಟ್ಟಗಾದ ಪ್ಲೇಟು, ಗೀರು ಬಿದ್ದ ಬಾಸ್ಕೆಟ್ಟು ಇರೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಅದು ಕೊನೇಲಿ.

ನನ್ನ ಬೈಕ್ ಸರಿ ಮಾಡಿದ್ದು ಬಾಳ್ಳುಪೇಟೆ ಹತ್ತಿರದ ಲಾರಿ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಅಪ್ಪ ಬಲವಂತ ಮಾಡಿದರು ಅಂತ ಹೋಗಿದ್ದೆ. ಅವರು ಎರಡು ಸಲ ಲಿವರ್ ಹಿಡಿದು ನಕ್ಕು, "ಲಾರೀಲಿ ಕಾಲಲ್ಲಿ ತುಳೀತಾರೆ, ನೀವು ಕೈಯಲ್ಲಿ ಹಿಡೀತೀರ, ಅಷ್ಟೇ ಸಾರ್. ಏರ್ ಇದೆ" ಅಂದರು. ಹೌದಲ್ಲ! ಲಾರಿ, ಪಿಕಪ್ಪುಗಳಲ್ಲಿ ಎಷ್ಟೋ ವರ್ಷದಿಂದ ಇದೇ ಏರ್ಪಾಡು. ಇಂಜಿನಿಯರಿಂಗ್ ಓದಿದ ನನಗೆ ಅದು ನೆನಪಾಗಿರಲಿಲ್ಲ.

ಡಬ್ಬಿ ಮುಚ್ಚಳ ತೆಗೆದರೆ ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್. ಮುಚ್ಚಳದ ಮೇಲೆ ಡಾಟ್ 4 ಅಂತ ಬರೆದಿತ್ತು. ಇದನ್ನು ಓದದೆ ಯಾವುದನ್ನೂ ಸುರೀಬೇಡಿ, ಯಾಕಂದ್ರೆ ಕೆಲವು ಬೈಕುಗಳ ಕ್ಲಚ್ಚಿಗೆ ಮಿನರಲ್ ಆಯಿಲ್ ಹಾಕಬೇಕು, ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ರಬ್ಬರ್ ಸೀಲುಗಳು ಹಾಳಾಗ್ತವೆ. ಮೆಡಿಕಲ್ ಶಾಪಿನಿಂದ ದೊಡ್ಡ ಸಿರಿಂಜು, ಡ್ರಿಪ್ ಪೈಪು ತಂದೆ. ಹಳೇ ಆಯಿಲ್ ಹೀರಿ ತೆಗೆದು, ಸ್ಲೇವಿನ ನಿಪ್ಪಲ್ಲಿಗೆ ಪೈಪ್ ಸಿಕ್ಕಿಸಿ, ಹೊಸ ಆಯಿಲನ್ನು ಕೆಳಗಿಂದ ಮೇಲಕ್ಕೆ ನಿಧಾನವಾಗಿ ತಳ್ಳಿದರು. ಗಾಳಿ ಹೇಗೂ ಮೇಲಕ್ಕೇ ಹೋಗುತ್ತೆ, ನಾವು ದಾರಿ ಮಾಡಿಕೊಡಬೇಕು ಅಷ್ಟೆ. ಹ್ಯಾಂಡಲ್ ಹತ್ತಿರ ಗುಳ್ಳೆಗಳು ಬುಳುಬುಳು ಅಂತ ಎದ್ದವು. ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹೊದಿಸಿದ್ದರು, ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ತಿಂದುಹಾಕುತ್ತೆ. ಮುಕ್ಕಾಲು ಗಂಟೆಯ ಕೆಲಸ. ಅವರ ಕೂಲಿ, ಆಯಿಲ್, ಸಿರಿಂಜು ಎಲ್ಲ ಸೇರಿ ಐನೂರು ದಾಟಲಿಲ್ಲ. ಅದೇ ದಿನ ದೋಣಿಗಾಲ್ ತನಕ ಓಡಿಸಿ, ಮಂಜರಾಬಾದ್ ಕೋಟೆ ಹತ್ತಿರ ಬೇಕಂತಲೇ ಏರಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬೈಕ್ ನಿಂತಲ್ಲೇ ನಿಂತಿತ್ತು.

ವೀಕೆಂಡಿನಲ್ಲಿ ಬಿಸಿಲೆ, ಶಿರಾಡಿ ಅಂತ ಬರೋ ಗೆಳೆಯರ ಬೈಕುಗಳನ್ನು ನೋಡ್ತೀನಿ. ಫಾಗ್ ಲೈಟು, ಕ್ರ್ಯಾಶ್ ಗಾರ್ಡು, ಹೆಲ್ಮೆಟ್ಟಿಗೆ ಕ್ಯಾಮೆರಾ. ಕ್ಲಚ್ ಆಯಿಲ್ ಯಾವಾಗ ಬದಲಿಸಿದ್ದು ಅಂದರೆ "ಅದನ್ನೂ ಬದಲಿಸಬೇಕಾ?" ಅಂತಾರೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಮ್ಯಾನುಯಲ್ಲಿನಲ್ಲೇ ಬರೆದಿರುತ್ತೆ. ಮಲೆನಾಡಿನಲ್ಲಿ ಗಾಡಿ ಇಟ್ಟವರು ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಮುಚ್ಚಳ ತೆಗೆದು ಬಣ್ಣ ನೋಡಲಿ ಅನ್ನೋದು ನನ್ನ ಅಭಿಪ್ರಾಯ.

ಮತ್ತೆ, ದೊಡ್ಡ ಊರಿನ ಹೊಳೆಯೋ ಟೈಲ್ಸಿನ ಗ್ಯಾರೇಜು ಹೇಳಿದ್ದೇ ವೇದವಾಕ್ಯ ಅನ್ಕೋಬೇಡಿ. "ಯಾಕೆ?" ಅಂತ ಒಂದು ಸಲ ಕೇಳಿ. ಉತ್ತರ ಇಲ್ಲದಿದ್ದರೆ ಗಾಡಿ ಬಿಡಬೇಡಿ.

ತಂಗಿ ಈಗ ಮತ್ತೆ ನನ್ನ ಬೈಕ್ ಹತ್ತುತ್ತಾಳೆ. ಹತ್ತೋಕೆ ಮುಂಚೆ ಮಾತ್ರ "ಅಣ್ಣ, ಆಯಿಲ್ ನೋಡಿದ್ಯಾ?" ಅಂತ ಕೇಳೋದು ಬಿಟ್ಟಿಲ್ಲ.

ನೀವು ನೋಡಿದ್ರಾ?