ಹೇಳಲು ಬರುತ್ತದೆ, ಬರೆಯಲು ಬರುವುದಿಲ್ಲ

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ತಂದೆತಾಯಿಯರಿದ್ದಾರೆ. ಅವರನ್ನು ಗಣಿತ ಅಷ್ಟಾಗಿ ಕಾಡುವುದಿಲ್ಲ. ಉತ್ತರ ಸರಿಯೋ ತಪ್ಪೋ ಅಲ್ಲೇ ತಿಳಿಯುತ್ತದೆ. ಕಾಡುವುದು ಬರವಣಿಗೆ. ಒಂಬತ್ತು ವರ್ಷದ ಮಗು ಕೆರೆ ಏರಿಯ ಮೇಲೆ ಕಂಡ ಹಾವಿನ ಕಥೆಯನ್ನು ಕಾಲು ಗಂಟೆ ಕಣ್ಣರಳಿಸಿ ಹೇಳುತ್ತದೆ. ಅದನ್ನೇ ಬರೆ ಎಂದರೆ ‘ನಾನು ಹಾವು ನೋಡಿದೆ’ ಎಂದಷ್ಟೇ ಗೀಚಿ ಪೆನ್ಸಿಲ್ ಕೆಳಗಿಡುತ್ತದೆ. ಆಗ ಅಮೆರಿಕದ ಯಾವುದೋ ಪಠ್ಯಕ್ರಮ ತರಿಸುತ್ತಾರೆ. ಆರು ತಿಂಗಳಲ್ಲಿ ಅದು ಕಪಾಟು ಸೇರಿ ಇನ್ನೊಂದು ಬರುತ್ತದೆ. ಈ ಹುಡುಕಾಟದ ಹಿಂದಿರುವ ಪ್ರೀತಿ ದೊಡ್ಡದು. ಆದರೆ ಯಾವ ಪಠ್ಯಕ್ರಮ ಒಳ್ಳೆಯದು ಎಂದು ಕೇಳುವ ಮೊದಲು, ಮಗು ಎಲ್ಲಿ ನಿಂತುಬಿಡುತ್ತಿದೆ ಎಂದು ನೋಡಬೇಕು ಎಂಬುದು ನನ್ನ ವಾದ.

ಬರೆಯುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಮನಸ್ಸಿನಲ್ಲಿರುವುದನ್ನು ಮಾತಾಗಿಸುವುದು ಒಂದು, ಆ ಮಾತನ್ನು ಅಕ್ಷರವಾಗಿ ಹಾಳೆಗೆ ಇಳಿಸುವುದು ಇನ್ನೊಂದು. ದೊಡ್ಡವರಿಗೆ ಎರಡನೆಯದು ಅಭ್ಯಾಸವಾಗಿ ಕಾಣದಂತಾಗಿದೆ. ಕಷ್ಟಪಡುವ ಮಗುವಿಗೆ ಒತ್ತಕ್ಷರ ನೆನಪಿಸಿಕೊಳ್ಳುವಷ್ಟರಲ್ಲಿ ಹಾವು ಪೊದೆ ಸೇರಿರುತ್ತದೆ. ಇಂಥ ಪಠ್ಯಕ್ರಮಗಳನ್ನು ಬರೆದ ಅಮೆರಿಕದವರಲ್ಲಿ ಸೂಸನ್ ವೈಸ್ ಬಾವರ್ ಅವರ ಪುಸ್ತಕಗಳು ಇವೆರಡನ್ನೂ ಬೇರ್ಪಡಿಸುತ್ತವೆ: ಮಗು ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತದೆ, ಕೈಗೆ ಅಭ್ಯಾಸವಾಗಲೆಂದು ಒಳ್ಳೆಯ ವಾಕ್ಯಗಳನ್ನು ಬೇರೆಯಾಗಿ ನೋಡಿ ಬರೆಯುತ್ತದೆ. ಜೂಲಿ ಬೊಗಾರ್ಟ್ ಅವರ ದಾರಿಯಲ್ಲಿ ಮಗು ಹೇಳಿದ್ದನ್ನು ತಾಯಿಯೋ ತಂದೆಯೋ ಬರೆದುಕೊಳ್ಳುತ್ತಾರೆ. ಆಂಡ್ರ್ಯೂ ಪುಡೇವಾ ಅವರ ಪಾಠಗಳಲ್ಲಿ ಓದಿದ ಪ್ರತಿ ವಾಕ್ಯದಿಂದ ಮೂರು ಮುಖ್ಯ ಪದ ಆರಿಸಿ, ಅವುಗಳಿಂದಲೇ ವಾಕ್ಯವನ್ನು ಮತ್ತೆ ಕಟ್ಟಬೇಕು. ಇವುಗಳಲ್ಲಿ ನೋಡಿ ಬರೆಯುವುದು ನಮಗೇನೂ ಹೊಸದಲ್ಲ. ಕಾಪಿ ಬರೆಯುವುದು, ಉಕ್ತಲೇಖನ ನಮ್ಮ ಶಾಲೆಗಳಲ್ಲಿ ಹಿಂದಿನಿಂದಲೂ ಇವೆ. ನಾವು ಕೈಬಿಟ್ಟದ್ದು ಮಗುವಿನ ಮಾತನ್ನು ಕೂತು ಕೇಳುವ ಕೆಲಸವನ್ನು.

ಕೈಯ ಕಷ್ಟ ಕನ್ನಡದಲ್ಲಿ ಬೇರೆಯದೇ ಬಗೆಯದು. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಇಂಗ್ಲಿಷ್ ಅಕ್ಷರಮಾಲೆ ಬೇಗ ಮುಗಿಯುತ್ತದೆ. ಕನ್ನಡದ ಅಕ್ಷರಗಳನ್ನು ಹಿಡಿಯಲು ಮಕ್ಕಳಿಗೆ ಆರಂಭದ ತರಗತಿಗಳಾಚೆಗೂ ಕಾಲ ಬೇಕೆಂದು ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ನಾಲ್ಕನೇ ತರಗತಿಯ ಮಗು ಒತ್ತು ಬಿಟ್ಟರೆ ಅದನ್ನು ದಡ್ಡತನ ಎಂದವರು ಈ ಲಿಪಿಯ ಹೊರೆಯನ್ನು ಅರಿತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ ಕಲಿ ಕ್ರಮ ಇದನ್ನು ಅರಿತೇ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿತು. ಐದು ಅಕ್ಷರ ಬಂದರೆ ಸಾಕು, ಮಗು ‘ಅರಸ’, ‘ಸರ’, ‘ಗರಗಸ’ ಎಂದು ಅರ್ಥವಿರುವ ಪದ ಬರೆಯಬಲ್ಲದು. ಮನೆಯಲ್ಲಿ ಕಲಿಸುವವರು ಡಾಲರ್ ಕೊಟ್ಟು ಪಠ್ಯಕ್ರಮ ತರಿಸುವ ಮುಂಚೆ ಸರ್ಕಾರಿ ಶಾಲೆಯ ಈ ಕ್ರಮವನ್ನೊಮ್ಮೆ ನೋಡಬೇಕು.

ಹೊರಗಿನ ಪಠ್ಯಕ್ರಮಗಳು ಇನ್ನೊಂದನ್ನು ಹೇಳದೆಯೇ ನಂಬಿಕೊಂಡಿರುತ್ತವೆ: ಮಗು ಬರೆಯುವ ಭಾಷೆಯಲ್ಲೇ ಮನೆಯಲ್ಲೂ ಮಾತಾಡುತ್ತದೆ ಎಂದು. ಇಲ್ಲಿ ಅಜ್ಜಿಯ ಹತ್ತಿರ ಕನ್ನಡವೋ ತೆಲುಗೋ, ಆಟಕ್ಕೆ ಹಿಂದಿ, ಪುಸ್ತಕಕ್ಕೆ ಇಂಗ್ಲಿಷ್. ಇಂಗ್ಲಿಷಿನಲ್ಲಿ ಬರೆಯಲು ಒದ್ದಾಡುವ ಮಗುವಿಗೆ ಮೊದಲು ಅಜ್ಜಿಯ ಹತ್ತಿರ ಆಡುವ ಭಾಷೆಯಲ್ಲಿ ಹೇಳಲು ಬಿಡಿ. ಉದ್ಯೋಗಕ್ಕೆ ಬೇಕಾದದ್ದು ಇಂಗ್ಲಿಷಲ್ಲವೇ ಎಂಬ ಆತಂಕ ಸಹಜ. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಬಿಡಬಹುದು ಎಂಬ ವಿವೇಚನೆ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ಒದಗುತ್ತದೆ. ಮಾತೇ ಹುಟ್ಟದ ಭಾಷೆಯಲ್ಲಿ ಆ ವಿವೇಚನೆಯನ್ನು ಕಲಿಸುವುದು ಎರಡು ಪಟ್ಟು ಕಷ್ಟ.

ವ್ಯಾಕರಣದ ಮೇಲೆ ನಮಗೆ ಅತಿಯಾದ ಭರವಸೆ. ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರ ತಮ್ಮ ವರದಿಯಲ್ಲಿ ನಾಲ್ಕರಿಂದ ಹನ್ನೆರಡನೇ ತರಗತಿವರೆಗಿನ ಮಕ್ಕಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಬಿಡಿಯಾಗಿ ಕಲಿಸಿದ ವ್ಯಾಕರಣದಿಂದ ಬರವಣಿಗೆ ಸುಧಾರಿಸಿರಲಿಲ್ಲ; ಚಿಕ್ಕ ವಾಕ್ಯಗಳನ್ನು ಕೂಡಿಸುವ ಅಭ್ಯಾಸದಿಂದ ಸುಧಾರಿಸಿತ್ತು. ‘ಅಜ್ಜಿ ಬಂದರು. ಕೈಯಲ್ಲಿ ಚೀಲ ಇತ್ತು. ಚೀಲದಲ್ಲಿ ಹಲಸಿನ ಹಣ್ಣಿತ್ತು.’ ಇದನ್ನು ‘ಹಲಸಿನ ಹಣ್ಣಿದ್ದ ಚೀಲ ಹಿಡಿದು ಅಜ್ಜಿ ಬಂದರು’ ಎಂದು ಮಾಡಲು ಮಗುವನ್ನು ಕೇಳಿ. ಇಂಗ್ಲಿಷಿನಲ್ಲಿ ಇಂಥ ವಿವರಣೆ ಸಾಮಾನ್ಯವಾಗಿ ನಾಮಪದದ ನಂತರ ಬಂದರೆ ಕನ್ನಡದಲ್ಲಿ ಅದಕ್ಕಿಂತ ಮುಂಚೆ ಬರುತ್ತದೆ. ಹಾಗಾಗಿ ಇಂಗ್ಲಿಷಿನ ಅಭ್ಯಾಸಪುಸ್ತಕವನ್ನು ಅನುವಾದಿಸಿದರೆ ಸಾಲದು. ಕನ್ನಡಕ್ಕೆ ಕನ್ನಡದ್ದೇ ಅಭ್ಯಾಸ ಬೇಕು. ಕಷ್ಟಪಡುವ ಮಕ್ಕಳಿಗೆಂದೇ ಬರೆದ ಅಂಥ ಪುಸ್ತಕಗಳನ್ನು ನಮ್ಮ ಬರಹಗಾರರು, ಶಿಕ್ಷಕರು ಕೂಡಿ ತರಬೇಕು.

ಇಷ್ಟೆಲ್ಲ ಮಾಡಿಯೂ ಕೈ ಏಳದಿದ್ದರೆ ಮತ್ತೊಂದು ಪಠ್ಯಕ್ರಮ ಹುಡುಕುತ್ತ ವರ್ಷ ಕಳೆಯಬಾರದು. ಕಲಿಕಾ ನ್ಯೂನತೆ ಇದೆಯೇ ಎಂದು ನಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನೂ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಮನೆಯಲ್ಲಿ ಓದಿದ ಮಕ್ಕಳು ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ನ್ಯೂನತೆಯಿರುವ ಮಕ್ಕಳು ಅಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಲು ಪ್ರಮಾಣಪತ್ರ ಬೇಕು.

ಪೀಣ್ಯದಲ್ಲಿ ಲೇತ್ ಮೇಲೆ ಶಿಫ್ಟ್ ಮುಗಿಸಿ ಬರುವ ತಂದೆಗೆ, ಗಾರ್ಮೆಂಟ್ಸ್‌ನಿಂದ ಕತ್ತಲಾದ ಮೇಲೆ ಮರಳುವ ತಾಯಿಗೆ ಮನೆಪಾಠದ ಆಯ್ಕೆಯೇ ಇಲ್ಲ. ಆದರೆ ಮಾತಿನಿಂದ ಬರವಣಿಗೆಗೆ ಹೋಗುವ ಈ ದಾರಿಗೆ ದುಡ್ಡು ಬೇಕಿಲ್ಲ ಎಂಬುದನ್ನು ಇಟಲಿಯ ಬಾರ್ಬಿಯಾನಾ ಎಂಬ ಬೆಟ್ಟದೂರು ತೋರಿಸಿದೆ. ಅಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ಅವರ ಶಾಲೆಯ ಬಡ ಹುಡುಗರು, ಪರೀಕ್ಷೆಯಲ್ಲಿ ನಪಾಸಾದವರೂ ಸೇರಿ, 1967ರಲ್ಲಿ ಒಂದು ಪುಸ್ತಕವನ್ನೇ ಬರೆದರು. ತೋಚಿದ್ದನ್ನೆಲ್ಲ ಚೀಟಿಗೊಂದರಂತೆ ಬರೆದು, ಸಂಬಂಧಪಟ್ಟ ಚೀಟಿಗಳನ್ನು ಒಟ್ಟುಹಾಕಿ, ಜೋಡಿಸಿ, ಬೇಡದ ಪದ ಹೊಡೆದುಹಾಕುವುದು ಅವರ ಕ್ರಮ. ಪೀಣ್ಯದ ಸರ್ಕಾರಿ ಶಾಲೆಯಲ್ಲಿ ದಿನಕ್ಕೆ ಅರ್ಧ ಗಂಟೆ ಇದಕ್ಕೆ ಮೀಸಲಿಡಬಹುದು. ಮನೆಯಲ್ಲಾದರೆ ಮಗು ಹೇಳಿದ್ದನ್ನು ಅಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಸಾಕು. ಭಾನುವಾರ ಅಕ್ಕನೋ ಅಣ್ಣನೋ ಅದನ್ನು ಕೇಳಿ ಬರೆದುಕೊಡಬಹುದು, ಮಗು ಅದರಲ್ಲಿ ನಾಲ್ಕು ಸಾಲನ್ನು ತನ್ನ ಕೈಯಲ್ಲೇ ಬರೆಯಬಹುದು. ಆ ಅಮ್ಮನಿಗೆ ಓದುಬರಹ ಬಾರದಿದ್ದರೂ ಈ ಪಾಠ ನಡೆಯುತ್ತದೆ.